ಓದುಗರ ಪ್ರಶ್ನೆ: ಎಲ್ಲ ಇದ್ದರೂ ಉಳಿಯುವ ಹಂಬಲ

ಪ್ರಶ್ನೆ: ನನಗೆ ಇಂಥದೇ ಕೊರತೆ ಎಂದು ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಕೆಲಸ, ಕುಟುಂಬ, ಆರೋಗ್ಯ ಎಲ್ಲವೂ ಚೆನ್ನಾಗಿವೆ. ಆದರೂ ಒಂದು ಗುರಿ ಮುಟ್ಟಿದ ಕೆಲವೇ ದಿನಗಳಲ್ಲಿ ಮನಸ್ಸು ಮತ್ತೇನನ್ನೋ ಬಯಸತೊಡಗುತ್ತದೆ; ಅದೇನೆಂದು ನನಗೇ ತಿಳಿಯುವುದಿಲ್ಲ. ಕ್ರೈಸ್ತ ಗೆಳೆಯರೊಬ್ಬರು, ‘ಆ ಜಾಗವನ್ನು ಕ್ರಿಸ್ತನೊಬ್ಬನೇ ತುಂಬಬಲ್ಲ’ ಎನ್ನುತ್ತಾರೆ. ಇದು ಬರೀ ಸಮಾಧಾನದ ಮಾತೋ, ಇದಕ್ಕೆ ಖಚಿತವಾದ ಅರ್ಥವಿದೆಯೋ?

ಉತ್ತರ: ಖಚಿತವಾದ ಅರ್ಥವಿದೆ, ಆದರೆ ಎಲ್ಲರ ಬಾಯಲ್ಲೂ ಓಡಾಡಿ ಆ ಮಾತು ಸವೆದುಹೋಗಿದೆ. ನಿಮ್ಮ ಅತೃಪ್ತಿ ರೋಗವೂ ಅಲ್ಲ, ಕೃತಘ್ನತೆಯೂ ಅಲ್ಲ ಎಂಬುದನ್ನು ಕ್ರೈಸ್ತ ನಂಬಿಕೆ ಮೊದಲು ಒಪ್ಪಿಕೊಳ್ಳುತ್ತದೆ. ದೇವರು ಮನುಷ್ಯನನ್ನು ತನ್ನ ಸ್ವರೂಪದಲ್ಲಿ ಉಂಟುಮಾಡಿದನೆಂದು ಬೈಬಲಿನ ಮೊದಲ ಅಧ್ಯಾಯವೂ, ಮನುಷ್ಯರ ಹೃದಯದಲ್ಲಿ ಆತನು ಅನಂತಕಾಲದ ಅರಿವನ್ನು ಇಟ್ಟಿದ್ದಾನೆಂದು ಅದರಲ್ಲಿನ ‘ಪ್ರಸಂಗಿ’ ಎಂಬ ಪುಸ್ತಕದ ಮೂರನೆಯ ಅಧ್ಯಾಯವೂ ಹೇಳುತ್ತವೆ. ಮನೆಗಳನ್ನು ಕಟ್ಟಿಸಿ, ತೋಟಗಳನ್ನು ನೆಡಿಸಿ, ಬೆಳ್ಳಿಬಂಗಾರ ಕೂಡಿಸಿ, ಕಣ್ಣು ಬಯಸಿದ್ದನ್ನೆಲ್ಲ ಪಡೆದುಕೊಂಡ ಮೇಲೆ ‘ಇದೆಲ್ಲವೂ ಗಾಳಿಯನ್ನು ಹಿಂದಟ್ಟಿದ ಹಾಗಾಯಿತು’ ಎನ್ನುವ ಪ್ರಸಂಗಿ, ಇಲ್ಲದವನ ದೂರನ್ನು ಹೇಳುತ್ತಿಲ್ಲ. ಎಲ್ಲ ಉಳ್ಳವನ ಅನುಭವವನ್ನು ಹೇಳುತ್ತಿದ್ದಾನೆ. ನಿಮ್ಮ ಪತ್ರದ ದನಿಯೂ ಅದೇ.

ಪ್ರವಾದಿ ಯೆರೆಮೀಯನು ಇದನ್ನೇ ಇನ್ನೂ ಕಟುವಾಗಿ ಹೇಳುತ್ತಾನೆ: ಜನರು ಜೀವಜಲದ ಬುಗ್ಗೆಯಾದ ದೇವರನ್ನು ಬಿಟ್ಟು, ನೀರು ನಿಲ್ಲದ ಬಿರುಕುಬಿಟ್ಟ ತೊಟ್ಟಿಗಳನ್ನು ತಮಗಾಗಿ ಕೊರೆದುಕೊಂಡಿದ್ದಾರೆ. ಅವನು ದಾಹವನ್ನು ಖಂಡಿಸುವುದಿಲ್ಲ ಎಂಬುದನ್ನು ಗಮನಿಸಿ. ಕ್ರಿ.ಶ. 354ರಲ್ಲಿ ಉತ್ತರ ಆಫ್ರಿಕದ ತಗಾಸ್ತೆಯಲ್ಲಿ ಹುಟ್ಟಿದ ಅಗಸ್ಟೀನರು ಆ ತೊಟ್ಟಿಗಳನ್ನು ಒಂದೊಂದಾಗಿ ಪರೀಕ್ಷಿಸಿದವರು. ವಾಕ್ಚಾತುರ್ಯದ ಅಧ್ಯಾಪಕರಾಗಿ ಅವರು ಕೀರ್ತಿ ಗಳಿಸಿದರು, ಪ್ರೇಮದ ಸುಖ ಕಂಡರು, ಸುಮಾರು ಒಂಬತ್ತು ವರ್ಷ ಪರ್ಷಿಯದ ಮಾನಿ ಎಂಬ ಧರ್ಮಬೋಧಕನ ಪಂಥವನ್ನು ಅನುಸರಿಸಿದರು. 386ರಲ್ಲಿ ಮಿಲಾನಿನಲ್ಲಿ ಕ್ರಿಸ್ತನ ಕಡೆಗೆ ತಿರುಗಿ, ಮರುವರ್ಷ ಅಲ್ಲಿಯ ಬಿಷಪ್ ಅಂಬ್ರೋಸರಿಂದ ದೀಕ್ಷಾಸ್ನಾನ ಹೊಂದಿದ ಅವರು, ಮುಂದೆ ತಮ್ಮ ಆತ್ಮಕಥನದ ಆರಂಭದಲ್ಲೇ ದೇವರನ್ನು ಉದ್ದೇಶಿಸಿ, ‘ನೀನು ನಮ್ಮನ್ನು ನಿನಗಾಗಿಯೇ ಉಂಟುಮಾಡಿದ್ದೀ, ನಿನ್ನಲ್ಲಿ ನೆಲೆಗೊಳ್ಳುವ ತನಕ ನಮ್ಮ ಹೃದಯಕ್ಕೆ ನೆಮ್ಮದಿಯಿಲ್ಲ’ ಎಂದು ಬರೆದರು. ಲೋಕದ ಒಳ್ಳೆಯ ವಸ್ತುಗಳು ಕೆಟ್ಟವೆಂದು ಅವರು ಹೇಳಲಿಲ್ಲ. ಅವುಗಳ ಕೈಲಾಗದ್ದನ್ನು ಅವುಗಳಿಂದ ಬೇಡುವುದೇ ನಮ್ಮ ಸಂಕಟಕ್ಕೆ ಕಾರಣವೆಂದರು. ನಿಮ್ಮ ಉದ್ಯೋಗ, ನಿಮ್ಮ ಮಕ್ಕಳು, ನಿಮ್ಮ ಸಾಧನೆ ಇವೆಲ್ಲವೂ ದೇವರ ವರಗಳು. ಅವುಗಳನ್ನೇ ದೇವರಾಗಿಸಿಕೊಂಡರೆ ಅವುಗಳ ಮೇಲೂ ಹೊರಲಾಗದ ಭಾರ ಬೀಳುತ್ತದೆ.

ಇಷ್ಟು ಹಂಬಲದ ಮೂಲದ ಮಾತಾಯಿತು. ಇನ್ನು ತೃಪ್ತಿ ದೊರೆಯುವುದು ಹೇಗೆಂಬ ಪ್ರಶ್ನೆಗೆ ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯದಷ್ಟು ಚೆನ್ನಾಗಿ ಉತ್ತರಿಸುವ ಭಾಗ ನನಗೆ ಬೇರೆ ಕಂಡಿಲ್ಲ. ಸಮಾರ್ಯದ ಸುಖಾರ್ ಎಂಬ ಊರಿನ ಹತ್ತಿರ, ಯಾಕೋಬನ ಬಾವಿಯ ಬಳಿ, ಪ್ರಯಾಣದಿಂದ ದಣಿದ ಯೇಸು ನಡುಹಗಲಿನಲ್ಲಿ ಕುಳಿತಿದ್ದಾನೆ. ನೀರು ಸೇದಲು ಬಂದ ಸ್ತ್ರೀಯನ್ನು ‘ಕುಡಿಯುವುದಕ್ಕೆ ನೀರು ಕೊಡು’ ಎಂದು ಮೊದಲು ಕೇಳುವವನು ಆತನೇ. ಯೆಹೂದ್ಯರಿಗೂ ಸಮಾರ್ಯದವರಿಗೂ ಹೊಕ್ಕುಬಳಕೆಯಿಲ್ಲದ ಕಾಲದಲ್ಲಿ ಕೊಡುವವನು ಬೇಡುವವನಾಗಿ ಮಾತು ಆರಂಭಿಸುತ್ತಾನೆ. ಆಮೇಲೆ, ಈ ಬಾವಿಯ ನೀರು ಕುಡಿದವರಿಗೆ ಮತ್ತೆ ನೀರಡಿಕೆಯಾಗುವುದೆಂದೂ, ತಾನು ಕೊಡುವ ನೀರು ಕುಡಿದವರೊಳಗೆ ನಿತ್ಯಜೀವಕ್ಕಾಗಿ ಉಕ್ಕುವ ಬುಗ್ಗೆಯಾಗುವುದೆಂದೂ ಹೇಳುತ್ತಾನೆ. ಅವಳಿಗೆ ಅದು ನೀರು ಹೊರುವ ಶ್ರಮ ತಪ್ಪಿಸುವ ಸೌಕರ್ಯದಂತೆ ಕೇಳಿಸುತ್ತದೆ. ನಾವೂ ಧರ್ಮದಿಂದ ಬಯಸುವುದು ಬಹಳ ಸಲ ಅಂಥ ಸೌಕರ್ಯವನ್ನೇ. ಆತನು ಮಾತನ್ನು ಅವಳ ಬದುಕಿನ ಕಡೆಗೆ ತಿರುಗಿಸುತ್ತಾನೆ: ಅವಳಿಗೆ ಐದು ಮಂದಿ ಗಂಡಂದಿರಿದ್ದರು, ಈಗ ಜೊತೆಗಿರುವವನು ಗಂಡನಲ್ಲ. ಆ ಮದುವೆಗಳು ಮುರಿದದ್ದು ಸಾವಿನಿಂದಲೋ ವಿಚ್ಛೇದನದಿಂದಲೋ ಎಂಬುದನ್ನು ಯೋಹಾನನು ಹೇಳುವುದಿಲ್ಲ. ಅವಳನ್ನು ನಡತೆಗೆಟ್ಟವಳೆಂದೇ ಚಿತ್ರಿಸುವ ಬೋಧಕರು ಆ ಅಧ್ಯಾಯವನ್ನು ಇನ್ನೊಮ್ಮೆ ಓದಿದರೆ ಒಳ್ಳೆಯದು. ಮುಖ್ಯವಾದ ಸಂಗತಿ ಬೇರೆಯೇ ಇದೆ. ಅವಳು ಮುಚ್ಚಿಟ್ಟ ನೋವನ್ನು ಪೂರ್ತಿ ಬಲ್ಲವನು ಅಲ್ಲಿಂದ ಎದ್ದುಹೋಗಲಿಲ್ಲ, ಅವಳನ್ನು ಹೀಯಾಳಿಸಲಿಲ್ಲ. ಬರಬೇಕಾದ ಮೆಸ್ಸೀಯನು, ಎಂದರೆ ದೇವರು ಕಳುಹಿಸುವ ರಕ್ಷಕನು, ತಾನೇ ಎಂಬ ರಹಸ್ಯವನ್ನು ಅವಳಿಗೆ ತಿಳಿಸಿದನು. ಅವಳು ಕೊಡವನ್ನು ಅಲ್ಲಿಯೇ ಬಿಟ್ಟು ಊರಿಗೆ ಹೋಗಿ, ‘ನಾನು ಮಾಡಿದ್ದನ್ನೆಲ್ಲ ನನಗೆ ಹೇಳಿದವನನ್ನು ಬಂದು ನೋಡಿರಿ’ ಎಂದು ಕರೆದಳು. ಅಂದಹಾಗೆ, ಯೇಸುವಿಗೆ ಕುಡಿಯಲು ನೀರು ಸಿಕ್ಕಿತೆಂದು ಆ ಅಧ್ಯಾಯ ಎಲ್ಲಿಯೂ ಹೇಳುವುದಿಲ್ಲ. ಅದೇ ಸುವಾರ್ತೆಯ ಹತ್ತೊಂಬತ್ತನೆಯ ಅಧ್ಯಾಯದಲ್ಲಿ, ಶಿಲುಬೆಯ ಮೇಲೆ, ‘ನನಗೆ ನೀರಡಿಕೆಯಾಗಿದೆ’ ಎನ್ನುವವನೂ ಆತನೇ.

ಕ್ರೈಸ್ತರು ಹೇಳುವ ತೃಪ್ತಿಯ ತಿರುಳು ಇಲ್ಲಿದೆ. ಪೂರ್ಣವಾಗಿ ಅರಿಯಲ್ಪಟ್ಟು, ಕ್ಷಮೆ ಹೊಂದಿ, ದೇವರ ಮಗನಾಗಿ ಅಥವಾ ಮಗಳಾಗಿ ಅಂಗೀಕೃತರಾಗುವ ಸಂಬಂಧವೇ ಆ ತೃಪ್ತಿ. ಮನುಷ್ಯನು ಹುಡುಕುವುದಕ್ಕೆ ಮೊದಲೇ ದೇವರು ಅವನನ್ನು ಹುಡುಕಿಕೊಂಡು ಬಂದನು, ಕ್ರಿಸ್ತನ ಮರಣ ಮತ್ತು ಪುನರುತ್ಥಾನದಲ್ಲಿ ಆ ಹುಡುಕಾಟದ ಬೆಲೆಯನ್ನು ತಾನೇ ತೆತ್ತನು ಎಂಬ ವಾರ್ತೆಯನ್ನು ನಂಬುವುದರಿಂದ ಆ ಸಂಬಂಧ ಆರಂಭವಾಗುತ್ತದೆ. ಹಾಗೆ ನಂಬಿದ ಮೇಲೆ ಹಂಬಲ ನಿಂತುಹೋಗುತ್ತದೆಂದು ನಿಮ್ಮ ಗೆಳೆಯರು ಹೇಳಿದ್ದರೆ ಅದನ್ನು ನಾನು ಒಪ್ಪುವುದಿಲ್ಲ. ಬೈಬಲಿನ ವಿಮೋಚನಕಾಂಡದ ಮೂವತ್ತಮೂರನೆಯ ಅಧ್ಯಾಯದಲ್ಲಿ ದೇವರೊಂದಿಗೆ ಮುಖಾಮುಖಿಯಾಗಿ ಮಾತಾಡುತ್ತಿದ್ದ ಮೋಶೆಯು ಅನಂತರ ‘ನಿನ್ನ ಮಹಿಮೆಯನ್ನು ನನಗೆ ತೋರಿಸು’ ಎಂದು ಬೇಡುತ್ತಾನೆ. ನಾಲ್ಕನೆಯ ಶತಮಾನದಲ್ಲಿ ನೀಸ್ಸದ ಬಿಷಪ್ ಆಗಿದ್ದ ಗ್ರೆಗೊರಿಯವರು ಈ ಬೇಡಿಕೆಯನ್ನು ದೀರ್ಘವಾಗಿ ಧ್ಯಾನಿಸಿ, ದೇವರು ಅನಂತನಾಗಿರುವುದರಿಂದ ಆತನನ್ನು ಸವಿದವರ ಬಯಕೆ ತೃಪ್ತಿಯೊಡನೆಯೇ ಬೆಳೆಯುತ್ತ ಹೋಗುತ್ತದೆಂದು ಬೋಧಿಸಿದರು. ಏನು ಬೇಕೆಂದು ತಿಳಿಯದೆ ಅಲೆಯುವುದು ಒಂದು ಬಗೆ. ಪ್ರೀತಿಸುವವನನ್ನು ಇನ್ನೂ ಹೆಚ್ಚು ಅರಿಯಬೇಕೆಂದು ಬಯಸುವುದು ಬೇರೊಂದು ಬಗೆ. ಮೊದಲನೆಯದು ಬಳಲಿಸುತ್ತದೆ, ಎರಡನೆಯದು ಬದುಕಿಸುತ್ತದೆ.

ನೀವು ಮಾಡಬಹುದಾದದ್ದು ಸರಳ: ಯೋಹಾನನ ಸುವಾರ್ತೆಯನ್ನು ಆತುರಪಡದೆ ಓದಿ, ತಿಳಿದ ಮಾತುಗಳಲ್ಲೇ ಪ್ರಾರ್ಥಿಸಿ, ಗೆಳೆಯರ ಜೊತೆ ಅವರ ಸಭೆಯ (ಚರ್ಚಿನ) ಆರಾಧನೆಗೆ ಹೋಗಿಬನ್ನಿ.

ಪ್ರಶ್ನೆ: ಹಂಬಲವಿದೆ ಎಂದ ಮಾತ್ರಕ್ಕೆ ಹಂಬಲಿಸಿದ್ದು ಇದೆ ಎಂದಾಗುವುದೇ? ಭಯಗೊಂಡ ಮನುಷ್ಯ ತನಗೆ ಬೇಕಾದ ತಂದೆಯನ್ನು ಕಲ್ಪಿಸಿಕೊಂಡು ದೇವರೆಂದು ಕರೆದಿರಬಹುದಲ್ಲವೇ?

ಉತ್ತರ: ಹಂಬಲದಿಂದ ದೇವರ ಇರವು ರುಜುವಾಗುವುದಿಲ್ಲ, ಅದನ್ನು ಧಾರಾಳವಾಗಿ ಒಪ್ಪುತ್ತೇನೆ. ಹೆಚ್ಚೆಂದರೆ ಅದು ಹುಡುಕುವುದಕ್ಕೆ ಒಂದು ಕಾರಣ. ದೇವರು ಮನುಷ್ಯಸ್ವಭಾವದ ಪ್ರತಿಬಿಂಬವೆಂದು 1841ರಲ್ಲಿ ಜರ್ಮನ್ ತತ್ತ್ವಜ್ಞಾನಿ ಫಾಯರ್‌ಬಾಖ್ ವಾದಿಸಿದರು. 1927ರಲ್ಲಿ ಮನೋವಿಶ್ಲೇಷಣೆಯ ಪ್ರವರ್ತಕ ಫ್ರಾಯ್ಡ್ ಧರ್ಮವನ್ನು ಬಯಕೆಯಿಂದ ಹುಟ್ಟಿದ ಭ್ರಮೆಯೆಂದರು. ಆದರೆ ಬಯಕೆಯಿಂದ ಹುಟ್ಟಿದ ನಂಬಿಕೆ ಸುಳ್ಳೇ ಆಗಿರಬೇಕೆಂದಿಲ್ಲ ಎಂಬುದನ್ನು ಫ್ರಾಯ್ಡ್ ಅದೇ ಕೃತಿಯಲ್ಲಿ ಒಪ್ಪಿಕೊಂಡಿದ್ದಾರೆ. ಒಂದು ನಂಬಿಕೆ ಹೇಗೆ ಹುಟ್ಟಿತೆಂಬುದು ಅದು ನಿಜವೋ ಸುಳ್ಳೋ ಎಂಬುದನ್ನು ತೀರ್ಮಾನಿಸಲಾರದು. ದೇವರಿಲ್ಲದಿರಲಿ ಎಂಬ ಬಯಕೆಯೂ ಮನುಷ್ಯನಿಗೆ ಇರಬಲ್ಲುದು, ಆ ಬಯಕೆಯೂ ಏನನ್ನೂ ರುಜುವಾತುಪಡಿಸುವುದಿಲ್ಲ.

ನಮ್ಮ ಇಷ್ಟದಂತೆ ದೇವರನ್ನು ಕಲ್ಪಿಸಿಕೊಳ್ಳುವುದಾಗಿದ್ದರೆ ಸುವಾರ್ತೆಗಳ ಯೇಸುವನ್ನು ಕಲ್ಪಿಸಿಕೊಳ್ಳುತ್ತಿದ್ದೆವೇ ಎಂದೂ ಕೇಳಿಕೊಳ್ಳಬೇಕು. ತನ್ನನ್ನು ಹಿಂಬಾಲಿಸುವವರು ಶಿಲುಬೆ ಹೊರಬೇಕೆಂದೂ, ವೈರಿಗಳನ್ನು ಪ್ರೀತಿಸಬೇಕೆಂದೂ ಹೇಳುವವನು ಆತನು. ಐದು ಸಾವಿರ ಮಂದಿ ಗಂಡಸರಿದ್ದ ಗುಂಪಿಗೆ ಊಟ ಕೊಟ್ಟ ಮರುದಿನ, ಜನರು ಆತನನ್ನು ಹುಡುಕಿಕೊಂಡು ಬಂದಾಗ, ‘ನೀವು ರೊಟ್ಟಿ ತಿಂದು ತೃಪ್ತರಾದದ್ದರಿಂದ ನನ್ನನ್ನು ಹುಡುಕುತ್ತೀರಿ’ ಎಂದು ನೇರವಾಗಿ ಹೇಳಿದನು. ‘ಜೀವಕೊಡುವ ರೊಟ್ಟಿ ನಾನೇ’ ಎಂಬ ಬೋಧನೆಯನ್ನು ತಾಳಲಾರದೆ ಶಿಷ್ಯರಲ್ಲಿಯೂ ಅನೇಕರು ಬಿಟ್ಟುಹೋದರು. ಬಯಕೆ ಈಡೇರಿಸಲೆಂದೇ ಹುಟ್ಟಿದ ದೇವರು ಹೀಗೆ ಜನರನ್ನು ಕಳೆದುಕೊಳ್ಳುವುದಿಲ್ಲ. ಕೊನೆಗೂ ಕ್ರೈಸ್ತ ನಂಬಿಕೆ ನಿಂತಿರುವ ನೆಲ ನಮ್ಮ ಭಾವನೆಯದಲ್ಲ. ಕ್ರಿಸ್ತನು ಎದ್ದುಬರದಿದ್ದರೆ ನಿಮ್ಮ ನಂಬಿಕೆ ವ್ಯರ್ಥ ಎಂದು ಅಪೊಸ್ತಲ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಹದಿನೈದನೆಯ ಅಧ್ಯಾಯದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ನಿಮ್ಮ ವಿಚಾರಣೆಯನ್ನು ಆ ಪುನರುತ್ಥಾನದ ಸಾಕ್ಷ್ಯದಿಂದ ಆರಂಭಿಸಿ.

ಪ್ರಶ್ನೆ: ವರ್ಷಗಳ ಹಿಂದೆ ನಂಬಿ ದೀಕ್ಷಾಸ್ನಾನ ಪಡೆದೆ. ಆಗಿದ್ದ ಆನಂದ ಈಗಿಲ್ಲ. ಪ್ರಾರ್ಥಿಸಲು ಕುಳಿತರೆ ಏನೂ ಅನಿಸುವುದಿಲ್ಲ. ಆಗಿನದು ಸುಳ್ಳಾಗಿತ್ತೇ?

ಉತ್ತರ: ಆನಂದ ಹೋದದ್ದನ್ನೇ ಸುಳ್ಳಿನ ಗುರುತೆಂದು ತಿಳಿದರೆ ಕೀರ್ತನೆಗಳ ಬಹುಭಾಗವನ್ನು ಬೈಬಲಿನಿಂದ ಕಿತ್ತುಹಾಕಬೇಕಾಗುತ್ತದೆ. ನೀರಿನ ತೊರೆಗಳಿಗಾಗಿ ಬಾಯ್ಬಿಡುವ ಜಿಂಕೆಯಂತೆ ದೇವರಿಗಾಗಿ ಹಾತೊರೆಯುವ ನಲವತ್ತೆರಡನೆಯ ಕೀರ್ತನೆಯನ್ನು ಬರೆದವನು, ಹಗಲಿರುಳು ಕಣ್ಣೀರೇ ತನಗೆ ಆಹಾರವಾಯಿತೆಂದೂ ಹೇಳುತ್ತಾನೆ. ಎಂಬತ್ತೆಂಟನೆಯ ಕೀರ್ತನೆಯಂತೂ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ; ಆದರೂ ಅದು ದೇವರಿಗೆ ಹೇಳಿದ ಮಾತು, ಆದ್ದರಿಂದಲೇ ಪ್ರಾರ್ಥನೆ.

1577ರ ಕೊನೆಯಲ್ಲಿ ತಮ್ಮದೇ ಸಂನ್ಯಾಸಿ ಸಂಘದವರಿಂದ ಟೊಲೇಡೊದಲ್ಲಿ ಬಂಧನಕ್ಕೊಳಗಾಗಿ, ಮರುವರ್ಷ ಆಗಸ್ಟಿನಲ್ಲಿ ತಪ್ಪಿಸಿಕೊಂಡು ಬಂದ ಸ್ಪೇನಿನ ಸಂತ, ಶಿಲುಬೆಯ ಯೋಹಾನರು, ಇಂಥ ಶುಷ್ಕತೆಯನ್ನು ಕುರಿತು ಬಹಳ ಸೂಕ್ಷ್ಮವಾಗಿ ವಿವೇಚಿಸಿದ್ದಾರೆ. ದೇವರ ವಿಷಯದಲ್ಲಿ ರುಚಿ ಹೋಗಿ ಬೇರೆ ವಿಷಯಗಳಲ್ಲಿ ರುಚಿ ಹೆಚ್ಚಿದ್ದರೆ ಅದು ಉದಾಸೀನತೆ. ಯಾವುದರಲ್ಲೂ ರುಚಿಯಿಲ್ಲದೆ, ದೇವರಿಂದ ದೂರವಾದೆನೇನೋ ಎಂಬ ಕಳವಳ ಉಳಿದಿದ್ದರೆ ದೇವರು ಆ ಮನುಷ್ಯನನ್ನು ಭಾವನೆಗಳ ಆಸರೆಯಿಂದ ಬಿಡಿಸಿ ನಂಬಿಕೆಯಲ್ಲಿ ನಡೆಸುತ್ತಿರಬಹುದು. ಮದರ್ ತೆರೇಸಾ ಅವರ ನಿಧನದ ಹತ್ತು ವರ್ಷಗಳ ನಂತರ, 2007ರಲ್ಲಿ ಪ್ರಕಟವಾದ ಪತ್ರಗಳಿಂದ, ಅವರೂ ದೀರ್ಘಕಾಲ ದೇವರ ಸಾನ್ನಿಧ್ಯವನ್ನು ಅನುಭವಿಸದೆಯೇ ಸೇವೆ ಮಾಡಿದರೆಂದು ತಿಳಿದುಬಂದಿತು. ನೀವು ಬರೆದ ಪತ್ರದಲ್ಲಿ ಕಳವಳವಿದೆ. ಉದಾಸೀನತೆ ನನಗೆ ಕಾಣಲಿಲ್ಲ.

ಇನ್ನೊಂದು ಮಾತು. ಮನೋವ್ಯಾಧಿಯಿಂದಲೂ ಇಂಥ ಶುಷ್ಕತೆ ಬರಬಹುದೆಂದು ಶಿಲುಬೆಯ ಯೋಹಾನರೇ ಎಚ್ಚರಿಸಿದ್ದಾರೆ. ನಿದ್ದೆ ಕೆಟ್ಟಿದ್ದರೆ, ಹಸಿವು ಅಡಗಿದ್ದರೆ, ಬದುಕೇ ಬೇಡವೆನಿಸಿದರೆ ತಡಮಾಡದೆ ವೈದ್ಯರನ್ನು ಕಾಣಿರಿ. ಅದು ನಂಬಿಕೆಯ ಕೊರತೆಯಲ್ಲ. ಸಾವನ್ನು ಬೇಡಿಕೊಂಡ ಪ್ರವಾದಿ ಎಲೀಯನಿಗೆ ದೇವದೂತನು ಉಪದೇಶ ಮಾಡಲಿಲ್ಲ. ನಿದ್ದೆಯಿಂದ ಎಬ್ಬಿಸಿ ರೊಟ್ಟಿ, ನೀರು ಕೊಟ್ಟನು, ಅವನು ಮತ್ತೆ ಮಲಗಲು ಬಿಟ್ಟನು. ನಿಮ್ಮ ಸಭೆಯಲ್ಲಿ ನಂಬಿಕೆಗೆ ಅರ್ಹರಾದ ಹಿರಿಯರೊಬ್ಬರಿಗೂ ಈ ವಿಷಯ ತಿಳಿಸಿರಿ, ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನವನ್ನು ತಪ್ಪಿಸಬೇಡಿರಿ. ಸ್ವಂತ ಮಾತು ಹೊರಡದ ದಿನಗಳಲ್ಲಿ ಮೇಲೆ ಹೇಳಿದ ಎರಡು ಕೀರ್ತನೆಗಳನ್ನೇ ಗಟ್ಟಿಯಾಗಿ ಓದಿ, ಅಷ್ಟನ್ನೇ ಆ ದಿನದ ಪ್ರಾರ್ಥನೆಯೆಂದು ಎಣಿಸಿಕೊಳ್ಳಿರಿ.