ಓದುಗರ ಪ್ರಶ್ನೆ: ಗಂಡ ಒಳ್ಳೆಯವನೇ, ಆದರೂ…

ಪ್ರಶ್ನೆ: ಮೇಡಂ, ಗೆಳತಿ ಕೊಟ್ಟಳೆಂದು ಅಮೆರಿಕದ ಕೇಟ್ ಶೋಪಾನ್ ಬರೆದ ‘ಒಂದು ಗಂಟೆಯ ಕಥೆ’ ಓದಿದೆ. ರೈಲು ಅಪಘಾತದಲ್ಲಿ ಗಂಡ ತೀರಿಕೊಂಡನೆಂದು ಸುದ್ದಿ ಬರುತ್ತದೆ. ಹೆಂಡತಿ ಲೂಯಿಸ್ ಅಳುತ್ತಾಳೆ, ಆಮೇಲೆ ಕೋಣೆ ಸೇರಿ ಬಾಗಿಲು ಹಾಕಿಕೊಂಡು ತನಗೆ ಬಿಡುಗಡೆಯಾಯಿತೆಂದು ಪಿಸುಗುಡುತ್ತಾಳೆ. ಕೊನೆಗೆ ಗಂಡ ಜೀವಂತವಾಗಿ ಬಂದು ನಿಂತಾಗ ಇವಳೇ ಸಾಯುತ್ತಾಳೆ. ಆ ಗಂಡ ಕೆಟ್ಟವನಲ್ಲ. ನಮ್ಮವರೂ ಒಳ್ಳೆಯವರೇ. ನಾನು ಯಾವ ಡಾಕ್ಟರ ಹತ್ತಿರ ಹೋಗಬೇಕು, ಯಾವ ಫೋನ್ ಕೊಳ್ಳಬೇಕು, ತಂಗಿಯ ಮನೆಯಲ್ಲಿ ಎಷ್ಟು ದಿನ ಇರಬೇಕು, ಎಲ್ಲವನ್ನೂ ಅವರೇ ಯೋಚಿಸಿ ಹೇಳುತ್ತಾರೆ, ಪ್ರೀತಿಯಿಂದಲೇ. ಅವರು ಆಫೀಸಿನ ಕೆಲಸಕ್ಕೆಂದು ಹೊರಗೆ ಹೋದ ರಾತ್ರಿ ನಾನು ಎಷ್ಟು ಹೊತ್ತಾದರೂ ದೀಪ ಆರಿಸದೆ ಓದುತ್ತೇನೆ. ಆ ಖುಷಿಗೂ ಲೂಯಿಸಳ ಖುಷಿಗೂ ನಂಟಿದೆಯೇನೋ ಎಂದು ಹೆದರಿಕೆಯಾಗಿದೆ. ನಾನು ಕೆಟ್ಟ ಹೆಂಡತಿಯೇ?
— ಹೆಸರು ಬೇಡ

ಉತ್ತರ: ಅಲ್ಲಮ್ಮ. ಇದನ್ನು ಮೊದಲು ಹೇಳಿಬಿಡುತ್ತೇನೆ, ಆಮೇಲೆ ಕಥೆಗೆ ಬರೋಣ.

ನಾನು ಈ ಕಥೆಯನ್ನು ತರಗತಿಯಲ್ಲಿ ಪಾಠ ಮಾಡುತ್ತಿದ್ದೆ. ಮುಗಿಸಿದ ಕೂಡಲೇ ಹುಡುಗಿಯರು ಕೇಳುತ್ತಿದ್ದುದು, ‘ಗಂಡ ಹೊಡೀತಿದ್ನಾ ಮಿಸ್?’ ಇಲ್ಲ ಎಂದರೆ ಅವರಿಗೆ ಸಮಾಧಾನವಾಗುತ್ತಿರಲಿಲ್ಲ. ಹೊಡೆದಿದ್ದರೆ ಲೆಕ್ಕ ಸರಿಹೋಗುತ್ತಿತ್ತು ನೋಡಿ. ಶೋಪಾನ್ ಆ ಸುಲಭದ ದಾರಿಯನ್ನು ಬೇಕೆಂದೇ ಮುಚ್ಚಿದ್ದಾರೆ. ಗಂಡ ಬ್ರೆಂಟ್ಲಿ ತನ್ನ ಹೆಂಡತಿಯನ್ನು ಪ್ರೀತಿಯಿಂದಲ್ಲದೆ ಬೇರೆ ರೀತಿ ನೋಡಿದವನೇ ಅಲ್ಲ. ಅವನ ಕೋಮಲವಾದ ಕೈಗಳನ್ನು ನೆನೆದು, ಶವ ಕಂಡಾಗ ಮತ್ತೆ ಅಳುತ್ತೇನೆಂದು ಲೂಯಿಸಳಿಗೇ ಗೊತ್ತು. ಅವಳೂ ಅವನನ್ನು ಕೆಲವೊಮ್ಮೆ ಪ್ರೀತಿಸಿದ್ದುಂಟು, ಎಷ್ಟೋ ಸಲ ಪ್ರೀತಿಸದೆಯೂ ಇದ್ದಳು. ಈ ಮಾತನ್ನು ಕಥೆ ಮುಚ್ಚಿಡುವುದಿಲ್ಲ.

ಹಾಗಾದರೆ ಅವಳಿಗೆ ಹಗುರವೆನಿಸಿದ್ದು ಯಾವುದು? ತನ್ನ ಇಚ್ಛೆಯನ್ನು ಬಗ್ಗಿಸುವ ಇನ್ನೊಂದು ಇಚ್ಛೆ ಇನ್ನು ಮನೆಯಲ್ಲಿರುವುದಿಲ್ಲ ಎಂಬುದು. ಬಗ್ಗಿಸುವವರ ಉದ್ದೇಶ ಒಳ್ಳೆಯದಿರಲಿ, ಕ್ರೂರವಿರಲಿ, ಆ ಗಳಿಗೆಯಲ್ಲಿ ಅವಳಿಗೆ ಎರಡೂ ಒಂದೇ ಅಪರಾಧವಾಗಿ ಕಾಣುತ್ತವೆ. ನನ್ನ ಮಟ್ಟಿಗೆ ಇಡೀ ಕಥೆಯ ಜೀವ ಇಲ್ಲಿದೆ. ನಿಮ್ಮ ಪತ್ರದಲ್ಲೂ ಇದೇ ಇದೆ: ಡಾಕ್ಟರ್, ಫೋನ್, ತಂಗಿಯ ಮನೆ.

ಇನ್ನೊಂದು ವಿಷಯ ಗಮನಿಸಿ. ಮೊದಲಿಂದ ಆಕೆ ಬರೀ ‘ಮಿಸೆಸ್ ಮಲಾರ್ಡ್’. ತಂಗಿ ಅಥವಾ ಅಕ್ಕ, ಜೋಸೆಫಿನ್ ಅಂತೂ ಒಡಹುಟ್ಟಿದವಳು, ಬಾಗಿಲ ಬೀಗದ ಕಿಂಡಿಗೆ ಬಾಯಿಟ್ಟು ಕೂಗಿದಾಗಲೇ ನಮಗೆ ಆಕೆಯ ಸ್ವಂತ ಹೆಸರು ತಿಳಿಯುವುದು. ಅಷ್ಟು ಹೊತ್ತಿಗೆ ಅವಳು ತೆರೆದ ಕಿಟಕಿಯೆದುರು ಕೂತು ವಸಂತದ ಮರಗಳನ್ನು, ಮಳೆಯ ವಾಸನೆಯನ್ನು, ಬೀದಿಯಲ್ಲಿ ಕೂಗಿ ಮಾರುವವನ ದನಿಯನ್ನು ಒಳಗೆ ಬಿಟ್ಟುಕೊಂಡಿದ್ದಾಳೆ. ಆಯುಷ್ಯ ಎಷ್ಟು ಉದ್ದವಿದೆಯೋ ಎಂದು ನಿನ್ನೆಯಷ್ಟೇ ನಡುಗಿದ್ದವಳು ಈಗ ದೀರ್ಘಾಯುಷ್ಯ ಬೇಡುತ್ತಾಳೆ. ಮನಸ್ಸಿಗೆ ಬರುತ್ತಿರುವುದನ್ನು ತಡೆಯಲು ಮೊದಲು ಹೆಣಗಾಡಿದವಳೂ ಅವಳೇ. ಗಂಡ ಸತ್ತನೆಂದು ಹಿಗ್ಗುವ ಹೆಂಗಸಿಗೆ ಆ ಹೆಣಗಾಟ ಬೇಕಿರುವುದಿಲ್ಲ.

ಶೋಪಾನ್ ಇದನ್ನು ಬರೆದದ್ದು 1894ರಲ್ಲಿ. 1870ರಲ್ಲಿ ಮದುವೆಯಾಗಿ ಲೂಸಿಯಾನಾ ರಾಜ್ಯಕ್ಕೆ ಹೋಗಿದ್ದರು. ಗಂಡನ ಅನುಮತಿಯಿಲ್ಲದೆ ಹೆಂಡತಿ ಕರಾರು ಮಾಡಿಕೊಳ್ಳುವಂತಿರಲಿಲ್ಲ, ಕೋರ್ಟಿಗೂ ಹೋಗುವಂತಿರಲಿಲ್ಲ. ಅಲ್ಲಿನ ಕಾನೂನು ಹಾಗಿತ್ತು. ಗಂಡ ಒಳ್ಳೆಯವನಾದರೆ ಅನುಮತಿ ಕೊಡುತ್ತಿದ್ದ, ಅಷ್ಟೇ. 1882ರಲ್ಲಿ ಪತಿ ಆಸ್ಕರ್ ಮಲೇರಿಯಾದಿಂದ ತೀರಿಕೊಂಡಾಗ ಸಾಲವೂ ಆರು ಮಕ್ಕಳೂ ಉಳಿದವು. ಆಕೆ ತಾವೇ ಅಂಗಡಿ, ಜಮೀನು ನೋಡಿಕೊಂಡರು. ಬರವಣಿಗೆ ಶುರುವಾದದ್ದು ಅದಾದ ಮೇಲೆ. ಆ ರೈಲೂ ಎಲ್ಲಿಂದಲೋ ಬಂದದ್ದಲ್ಲ: 1855ರಲ್ಲಿ ಮಿಸೌರಿಯ ಗ್ಯಾಸ್ಕನೇಡ್ ನದಿಯ ಸೇತುವೆ ಕುಸಿದು ರೈಲು ಬಿದ್ದಾಗ ಸತ್ತವರಲ್ಲಿ ಅವರ ತಂದೆಯೂ ಒಬ್ಬರು. ಆಗ ಕೇಟ್‌ಗೆ ಐದು ವರ್ಷ. ತಾಯಿ ಮತ್ತೆ ಮದುವೆಯಾಗಲಿಲ್ಲ. ಅಜ್ಜಿ, ಮುತ್ತಜ್ಜಿಯೂ ವಿಧವೆಯರೇ ಆಗಿದ್ದ ಮನೆಯಲ್ಲಿ ಹುಡುಗಿ ಬೆಳೆದಳು. ದುಃಖವೂ ಸ್ವಾತಂತ್ರ್ಯವೂ ಒಂದೇ ಮನೆಯಲ್ಲಿ ಇರುವುದನ್ನು ಆಕೆ ಕಣ್ಣಾರೆ ಕಂಡಿದ್ದರೆಂದು ನನ್ನ ನಂಬಿಕೆ.

ನಿಮ್ಮ ವಿಷಯ. ಒಬ್ಬರೇ ಕೂತು ಓದುವ ರಾತ್ರಿ ಇಷ್ಟವಾಗುವುದು ಪತಿಯ ಕೇಡು ಬಯಸಿದಂತಲ್ಲ. ಆ ರಾತ್ರಿ ಅವರು ಊರಿಂದ ಹೊರಗಿದ್ದಾಗ ಮಾತ್ರ ಯಾಕೆ ಸಿಗಬೇಕು ಎಂಬುದು ನಿಜವಾದ ಪ್ರಶ್ನೆ, ಮತ್ತು ಅದನ್ನು ನನ್ನನ್ನಲ್ಲ, ಅವರನ್ನೇ ಕೇಳಬೇಕು. ದೂರಿನ ಪಟ್ಟಿ ಹಿಡಿದು ಕೂರಬೇಡಿ. ‘ಈ ಸಲ ತಂಗಿಯ ಮನೆಯಲ್ಲಿ ಎಷ್ಟು ದಿನ ಇರಬೇಕೆಂದು ನಾನೇ ನೋಡ್ಕೊಳ್ತೀನಿ’ ಎಂದು ಒಂದು ಮಾತು ಹೇಳಿ ನೋಡಿ. ಲೂಯಿಸಳಿಗೆ ಆ ಮಾತಾಡುವ ಅವಕಾಶವೇ ಬರಲಿಲ್ಲ. ಅವಳ ಗಂಡನಿಗೂ ಕೇಳಿಸಿಕೊಳ್ಳುವ ಅವಕಾಶ ಬರಲಿಲ್ಲವಲ್ಲ ಎಂದು ನನಗೆ ಪ್ರತಿ ಸಲ ಓದಿದಾಗಲೂ ಸಂಕಟವಾಗುತ್ತದೆ.

ಪ್ರಶ್ನೆ: ಅದೇ ಕಥೆಯ ಬಗ್ಗೆ. ಕೊನೆಯಲ್ಲಿ ಅವಳನ್ನು ಸಾಯಿಸಿದ್ದು ಶಿಕ್ಷೆ ಕೊಟ್ಟಂತಲ್ಲವೇ?
— ಒಬ್ಬ ವಿದ್ಯಾರ್ಥಿನಿ

ಉತ್ತರ: ನನಗೆ ಹಾಗನ್ನಿಸಿಲ್ಲ. ಗಂಡನನ್ನು ಕಂಡ ಸಂತೋಷ ತಾಳಲಾರದೆ ಹೃದಯ ನಿಂತಿತೆಂದು ಡಾಕ್ಟರುಗಳು ಹೇಳುತ್ತಾರೆ. ಕೋಣೆಯೊಳಗೆ ಏನಾಯಿತೆಂದು ಅವರಿಗೆ ಗೊತ್ತಿಲ್ಲ, ಜೋಸೆಫಿನ್‌ಗೂ ಗೊತ್ತಿಲ್ಲ, ಕೊಡೆ ಹಿಡಿದು ಬಂದ ಬ್ರೆಂಟ್ಲಿಗೆ ಮೊದಲೇ ಗೊತ್ತಿಲ್ಲ. ಗೊತ್ತಿರುವುದು ಓದಿದ ನಿಮಗೆ. ಲೇಖಕಿ ಶಿಕ್ಷಿಸಬೇಕೆಂದಿದ್ದರೆ ಅವಳ ಗುಟ್ಟನ್ನು ಅವರೆಲ್ಲರ ಮುಂದೆ ಬಯಲು ಮಾಡುತ್ತಿದ್ದರು.

ಪ್ರಶ್ನೆ: ಹೆಂಡತಿ ಇಂಥ ಕಥೆಗಳನ್ನು ಓದುತ್ತಾಳೆ. ಗಂಡನಾದವನಿಗೂ ಏನಾದರೂ ಹೊಳೆಯುವ ಕಥೆ ಇದೆಯೇ?
— ಒಬ್ಬ ಪತಿ

ಉತ್ತರ: ಕೇಳಿದ್ದಕ್ಕೆ ಸಂತೋಷವಾಯಿತು. ಅದೇ ಲೇಖಕಿಯ ‘ಅಥೆನಾಯಿಸ್’ ಓದಿ; 1896ರಲ್ಲಿ ‘ಅಟ್ಲಾಂಟಿಕ್ ಮಂತ್ಲಿ’ ಪತ್ರಿಕೆಯಲ್ಲಿ ಬಂದದ್ದು. ಮದುವೆಯಾದ ಹೊಸತರಲ್ಲೇ ಅಥೆನಾಯಿಸ್ ತವರಿಗೆ ಹೋಗಿಬಿಡುತ್ತಾಳೆ. ಗಂಡ ಕಜೋ ಪೀಡಿಸಿದವನಲ್ಲ, ಅವಳಿಗೆ ಮದುವೆಯೆಂಬುದೇ ಒಗ್ಗಿಲ್ಲ. ಅವನು ಕುದುರೆ ಏರಿ ಹೋಗಿ ಕರೆದುಕೊಂಡು ಬರುತ್ತಾನೆ. ದಾರಿಯಲ್ಲಿ ಒಂದು ಓಕ್ ಮರ. ಕಜೋ ಚಿಕ್ಕವನಿದ್ದಾಗ, ಓಡಿಹೋಗಿದ್ದ ಗುಲಾಮ ಗೇಬ್‌ನನ್ನು ತನ್ನ ತಂದೆ ಹಿಡಿದು ತಂದದ್ದು ಅದೇ ದಾರಿಯಲ್ಲಿ, ಗೇಬ್ ಉಸಿರು ಸುಧಾರಿಸಿಕೊಳ್ಳಲೆಂದು ನಿಂತದ್ದು ಅದೇ ಮರದ ಕೆಳಗೆ. ತಂದೆ ದಯಾಳು ಯಜಮಾನ, ಅಂಥವನನ್ನು ಬಿಟ್ಟು ಓಡಿದ ಗೇಬ್ ದಡ್ಡ ಎಂದು ಆಗ ಎಲ್ಲರೂ ಆಡಿಕೊಂಡಿದ್ದರು. ನೆನಪಾದದ್ದೇ ಕಜೋಗೆ ಮನಸ್ಸು ಕಹಿಯಾಗುತ್ತದೆ. ಎರಡನೇ ಸಲ ಅವಳು ಹೊರಟುಹೋದಾಗ ಅವನು ಹಿಂದೆ ಹೋಗುವುದಿಲ್ಲ. ನಿನ್ನ ಸ್ವಂತ ಮನಸ್ಸಿನಿಂದ ಬರುವುದಾದರೆ ಮಾತ್ರ ಬಾ ಎಂದು ಕಾಗದ ಬರೆಯುತ್ತಾನೆ. ಅವಳು ಏನು ಮಾಡಿದಳೆಂದು ನಾನು ಹೇಳುವುದಿಲ್ಲ. ಇಬ್ಬರೂ ಸೇರಿ ಓದಿಕೊಳ್ಳಿ.