ಎಲ್‌ವಿಡಿಟಿಯ ಔಟ್‌ಪುಟ್ ನಡುವಿನಲ್ಲಿ ಸೊನ್ನೆಗೆ ಇಳಿಯದಿದ್ದರೆ ಸೆನ್ಸರ್ ಬದಲಿಸಬೇಕೇ?

ಎಲ್‌ವಿಡಿಟಿ ಎಂದರೆ ಸುರುಳಿಗಳ ಒಳಗೆ ಸರಿಯುವ ಲೋಹದ ತುಂಡಿನ (ಕೋರ್) ಸ್ಥಾನವನ್ನು ವೋಲ್ಟೇಜಾಗಿ ತೋರಿಸುವ ಸೆನ್ಸರ್. ಕೋರ್ ನಟ್ಟನಡುವೆ ಇದ್ದರೂ ಕೆಲವು ಮಿಲಿವೋಲ್ಟ್ ಉಳಿಯುತ್ತದೆ, ಯಾವ ಕಡೆಗೆ ಸರಿಸಿದರೂ ರೀಡಿಂಗ್ ಏರುತ್ತದೆ, ಇದರ ಬದಲು ಸರಿದಂತೆ ರೋಧ ಬದಲಾಗುವ ಪೊಟೆನ್ಷಿಯೋಮೀಟರ್ ಹಾಕಲೇ ಎಂದು ಕೇಳಿದ್ದೀರಿ. ನಿಮ್ಮ ಸರ್ಕ್ಯೂಟ್‌ನಲ್ಲಿರುವ, ಎಸಿಯನ್ನು ಡಿಸಿ ಮಾಡುವ ಫುಲ್ ವೇವ್ ರೆಕ್ಟಿಫೈಯರನ್ನೇ ನಾನೂ ಪೀಣ್ಯದ ಕಾರ್ಖಾನೆಯೊಂದಕ್ಕೆ ಮಾಡಿಕೊಟ್ಟ ಶಾಫ್ಟ್ ಗೇಜಿನಲ್ಲಿ ಬಳಸಿದ್ದೆ.

ಸರಿಯಾದ ಅಳತೆಯ ಮಾಸ್ಟರ್ ಶಾಫ್ಟ್ ಇಟ್ಟು ಸೊನ್ನೆ ಹೊಂದಿಸಿದ್ದೆವು. ಆಮೇಲೆ ಶಾಫ್ಟ್ 20 ಮೈಕ್ರಾನ್ ದಪ್ಪವಿದ್ದರೂ 20 ಮೈಕ್ರಾನ್ ಸಣ್ಣದಿದ್ದರೂ ಗೇಜ್ ಒಂದೇ ಅಂಕಿ ತೋರಿಸಿತು. ಗ್ರೈಂಡಿಂಗ್ ವಿಭಾಗದವರು ಅದನ್ನು ದಪ್ಪವೆಂದೇ ಓದಿ, ಆಗಲೇ ಸಣ್ಣದಾಗಿದ್ದ ಶಾಫ್ಟುಗಳನ್ನು ಮತ್ತೆ ಗ್ರೈಂಡ್ ಮಾಡಿದರು. ಮಾಡಿದಷ್ಟೂ ಅಂಕಿ ಏರಿತು. ದಪ್ಪವಿರುವುದನ್ನು ತಿದ್ದಬಹುದು, ಸಣ್ಣದಾದದ್ದು ಗುಜರಿಗೇ ಸರಿ. ಒಂದು ಪಾಳಿಯ ಮಾಲು ಹಾಗೆ ಹಾಳಾಯಿತು, ಅದರ ಬೆಲೆ ನನ್ನ ಬಿಲ್ಲಿನಲ್ಲಿ ಕಡಿತವಾಯಿತು.

ನಾನು ಎಸೆದದ್ದು ಫೇಸನ್ನು, ಅಂದರೆ ಎಸಿ ಅಲೆ ಯಾವ ಕ್ಷಣದಲ್ಲಿ ಏರಿ ಇಳಿಯುತ್ತದೆ ಎಂಬ ಮಾಹಿತಿಯನ್ನು. ನಡುವಿನ ಪ್ರೈಮರಿ ಸುರುಳಿಗೆ ಕೆಲವು ಕಿಲೋಹರ್ಟ್ಜ್‌ನ ಎಸಿ ಕೊಟ್ಟಾಗ ಅಕ್ಕಪಕ್ಕದ ಎರಡು ಸೆಕೆಂಡರಿಗಳಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಅವುಗಳನ್ನು ಒಂದಕ್ಕೊಂದು ವಿರುದ್ಧವಾಗಿ ಸರಣಿಯಲ್ಲಿ ಜೋಡಿಸಿರುವುದರಿಂದ ನಮಗೆ ಸಿಗುವುದು ಅವುಗಳ ವ್ಯತ್ಯಾಸ. ನಿಕ್ಕಲ್-ಕಬ್ಬಿಣದ ಕೋರ್ ಎಷ್ಟು ಸರಿದಿದೆ ಎಂಬುದು ಆ ವ್ಯತ್ಯಾಸದ ಪ್ರಮಾಣದಲ್ಲಿದೆ. ಯಾವ ಕಡೆಗೆ ಸರಿದಿದೆ ಎಂಬುದು ಮಾತ್ರ ಫೇಸಿನಲ್ಲಿದೆ, ಏಕೆಂದರೆ ಕೋರ್ ನಡುಬಿಂದುವನ್ನು ದಾಟಿದಾಗ ಫೇಸ್ 180 ಡಿಗ್ರಿ ತಿರುಗುತ್ತದೆ. ರೆಕ್ಟಿಫೈಯರ್ ಎರಡೂ ಕಡೆಯ ಅಲೆಗಳನ್ನು ಒಂದೇ ದಿಕ್ಕಿಗೆ ಮಡಚುವುದರಿಂದ ಈ ಮಾಹಿತಿ ಅಲ್ಲೇ ಅಳಿಸಿಹೋಗುತ್ತದೆ, ಮುಂದೆ ಯಾವ ಸಾಫ್ಟ್‌ವೇರ್ ಬರೆದರೂ ಅದು ಮರಳಿ ಸಿಗುವುದಿಲ್ಲ.

ಆದ್ದರಿಂದ ಸೆನ್ಸರ್ ಬದಲಿಸುವ ಪ್ರಶ್ನೆಯೇ ಇಲ್ಲಿಲ್ಲ. ಎರಡು ಸುರುಳಿಗಳು ಪೂರ್ತಿ ಒಂದೇ ತರಹ ಇರಲಾರವು, ಸುತ್ತುಗಳ ನಡುವೆ ಕೆಪಾಸಿಟೆನ್ಸೂ ಇರುತ್ತದೆ. ಹೀಗಾಗಿ ನಡುವಿನಲ್ಲಿ ಸ್ವಲ್ಪ ವೋಲ್ಟೇಜ್ ಹೊಸ ಸೆನ್ಸರಿನಲ್ಲೂ ಉಳಿಯುತ್ತದೆ. ಪೊಟೆನ್ಷಿಯೋಮೀಟರ್ ಅಂತೂ ಬೇಡ. ದಿನವಿಡೀ ಆಡುವ ಗೇಜಿನಲ್ಲಿ ಅದರ ವೈಪರ್ ಎಂಬ ಸರಿಯುವ ಸಂಪರ್ಕ ಉಜ್ಜಿ ಸವೆಯುತ್ತದೆ, ಎಲ್‌ವಿಡಿಟಿಯ ಕೋರ್ ಸುರುಳಿಯನ್ನು ಮುಟ್ಟುವುದೇ ಇಲ್ಲ.

ರೆಕ್ಟಿಫೈಯರ್ ಬದಲು, ಪ್ರೈಮರಿಯ ಅಲೆಯೊಂದಿಗೆ ಫೇಸ್ ಹೋಲಿಸಿ ಓದುವ ಸಿಂಕ್ರೊನಸ್ ಡಿಮಾಡ್ಯುಲೇಟರ್ ಹಾಕಿ. ಅನಲಾಗ್ ಡಿವೈಸಸ್‌ನ ಎಡಿ698 ಚಿಪ್‌ನಲ್ಲಿ ಪ್ರೈಮರಿಗೆ ಎಸಿ ಕೊಡುವ ಆಸಿಲೇಟರೂ ಡಿಮಾಡ್ಯುಲೇಟರೂ ಒಟ್ಟಿಗೇ ಇವೆ. ದಿಕ್ಕು ಪ್ಲಸ್, ಮೈನಸ್ ಆಗಿ ಬರುತ್ತದೆ. ಉಳಿಕೆ ವೋಲ್ಟೇಜಿನಲ್ಲಿ ಫೇಸ್ 90 ಡಿಗ್ರಿ ಹಿಂದೆ ಅಥವಾ ಮುಂದೆ ಇರುವ ಅಂಶವೂ ಕಳೆದುಹೋಗುತ್ತದೆ. ಪ್ರೈಮರಿ ಮತ್ತು ಸೆಕೆಂಡರಿ ನಡುವಿನ ಫೇಸ್ ವ್ಯತ್ಯಾಸವನ್ನು ಸರಿದೂಗಿಸುವಾಗ ಕೋರನ್ನು ನಡುವಿನಲ್ಲಿ ಬಿಡದೆ ಒಂದು ಕಡೆಯ ತುದಿಯತ್ತ ಸರಿಸಿಟ್ಟುಕೊಳ್ಳಿ, ಏಕೆಂದರೆ ನಡುವಿನಲ್ಲಿ ಅಳೆಯಲು ಸಿಗುವುದು ಆ ಉಳಿಕೆಯ ಫೇಸ್ ಮಾತ್ರ.