ಹಕ್ಕಿ ಕಿರುಚಿದರೆ ಶಾಂತಿ ಮಾಡಿಸಬೇಡಿ, ಮರ ನೋಡಿ

ಪ್ರಶ್ನೆ: ಹಿತ್ತಲಿನ ಬೇವಿನ ಮರದಲ್ಲಿ ಮೂರು ದಿನಗಳಿಂದ ಬೆಳಗಿನ ಹೊತ್ತು ಹಕ್ಕಿಗಳು ಗುಂಪುಗೂಡಿ ಕಿರುಚುತ್ತಿವೆ. ಮನೆಗೆ ಕೇಡು ಎನ್ನುತ್ತಾರೆ. ಶಾಂತಿ ಮಾಡಿಸಬೇಕೇ? (ಗಂಗಾವತಿ)

ಬೇಡ. ಪ್ರತಿ ಬೇಸಿಗೆಯಲ್ಲೂ ಇದೇ ಪ್ರಶ್ನೆ ಬರುತ್ತದೆ, ಅದೂ ಯಾರೋ ಶಕುನ ಹೇಳಿ ದುಡ್ಡು ಕಿತ್ತುಕೊಂಡು ಹೋದ ಮೇಲೆ. ಹಕ್ಕಿಗಳಿಗೆ ನಿಮ್ಮ ಮನೆಯ ಚಿಂತೆಯಿಲ್ಲ. ಅವು ಹೀಗೆ ಕಿರುಚುವುದು ಅಡಗಿ ಕುಳಿತ ಹಾವನ್ನೋ ಗೂಬೆಯನ್ನೋ ಕಂಡು. ಹಾವಾದರೆ ಹೊತ್ತಿಗೊಂದು ಕಡೆ ಹರಿದು ಹೋಗುತ್ತದೆ. ಅದೇ ಮರ, ಅದೇ ಹೊತ್ತು, ಮೂರು ದಿನ ಎಂದರೆ ಪೊಟರೆಯಲ್ಲಿ ಹಾಲಕ್ಕಿ, ಅಂದರೆ ಸಣ್ಣ ಗೂಬೆ, ಬೀಡುಬಿಟ್ಟಿರಬೇಕು.

ಕೂಗಿನಲ್ಲಿ ಎರಡು ಬಗೆಯಿದೆ. ನಿಮ್ಮ ಅಂಗಳದ ಹುಂಜವನ್ನೇ ಗಮನಿಸಿ. ಗಿಡುಗ ತೇಲಿ ಬಂದರೆ ಅದು ಕತ್ತು ಓರೆ ಮಾಡಿ, ಒಂದು ಕಣ್ಣನ್ನು ಆಕಾಶಕ್ಕಿಟ್ಟು, ಉದ್ದನೆಯ ದನಿ ಎಳೆಯುತ್ತದೆ. ಹೇಂಟೆಗಳು ಅಲ್ಲಿಯೇ ಕುಸಿಯುತ್ತವೆ, ಇಲ್ಲವೇ ಬೇಲಿಯ ಬುಡಕ್ಕೆ ಓಡುತ್ತವೆ. ನಾಯಿ ಬಂದರೆ ಕೊಕ್ ಕೊಕ್ ಕೊಕ್ ಎಂದು ಬಡಬಡಿಸುತ್ತದೆ. ಆಗ ಹೇಂಟೆಗಳು ಕತ್ತೆತ್ತಿ ನಿಲ್ಲುತ್ತವೆ. ಸಣ್ಣ ಹಕ್ಕಿಗಳ ಈ ಎರಡು ದನಿಗಳ ವ್ಯತ್ಯಾಸವನ್ನು ಹಕ್ಕಿಗಳ ದನಿ ಅಭ್ಯಸಿಸಿದ ವಿಜ್ಞಾನಿ ಪೀಟರ್ ಮಾರ್ಲರ್ 1955ರಲ್ಲಿ ವಿವರಿಸಿದ್ದರು. ಹಾರುವ ಡೇಗೆ ಕಂಡಾಗ ಮೆಲ್ಲಗೆ ಹುಟ್ಟಿ ಮೆಲ್ಲಗೆ ಕರಗುವ ಸಣ್ಣ ಸೀಟಿ. ಅದು ಎಲ್ಲಿಂದ ಬಂತೆಂದು ಹಚ್ಚುವುದು ಬೇಟೆಗಾರನಿಗೆ ಕಷ್ಟ. ಕುಳಿತ ಗೂಬೆಗೋ ಹಾವಿಗೋ ಆದರೆ ಕರ್ಕಶವಾದ, ಬಿಡದ ಕಿರುಚಾಟ. ಎಲ್ಲರೂ ಬಂದು ಸೇರಲಿ, ಅಡಗಿದವನು ಬಯಲಾಗಲಿ ಎಂದು. ನಿಮ್ಮ ಬೇವಿನ ಮರದಲ್ಲಿ ನಡೆಯುತ್ತಿರುವುದು ಎರಡನೆಯದು. ಜಪಾನಿನಲ್ಲಿ ಸಂಶೋಧಕ ತೊಶಿತಾಕ ಸುಜುಕಿ ಕಂಡದ್ದು ಇನ್ನೂ ಸೋಜಿಗ: ಹಾವು ಬಂತೆಂದು ತಾಯಿ ಕೂಗಿದರೆ ಪುಟ್ಟ ಟಿಟ್ ಹಕ್ಕಿಯ ಮರಿಗಳು ಪೊಟರೆಯಿಂದ ಹೊರಕ್ಕೆ ನೆಗೆಯುತ್ತವೆ, ಕಾಗೆ ಬಂತೆಂದರೆ ಒಳಗೇ ಮುದುಡುತ್ತವೆ.

ಕೊಕ್ಕುಗಳು ಯಾವ ಕಡೆ ತಿರುಗಿವೆ ನೋಡಿ. ಪೊಟರೆಯತ್ತ ಇದ್ದರೆ ಸುಮ್ಮನೆ ಬಿಡಿ, ಹಾಲಕ್ಕಿ ನಿಮ್ಮ ಇಲಿಗಳನ್ನು ತಿನ್ನುತ್ತದೆ. ನೆಲದತ್ತ ಇದ್ದರೆ ದೂರ ನಿಲ್ಲಿ. ಆನೆಗೊಂದಿಯ ಬಂಡೆಗಳ ನಡುವೆ ಹರಟೆಮಲ್ಲ ಹಕ್ಕಿಗಳು ಜಾಲಿ ಪೊದೆಯ ಬುಡಕ್ಕೆ ಬಾಗಿ ಕಿರುಚುತ್ತಿದ್ದಾಗ, ಗೂಬೆಯೆಂದುಕೊಂಡು ನಾನು ಕೊಂಬೆ ಸರಿಸಲು ಕೈ ಚಾಚಿದ್ದೆ. ಒಂದು ಗೇಣಿನ ಆಚೆ ಒಣ ಎಲೆಗಳ ಬಣ್ಣದಲ್ಲಿ ವಿಷದ ಹಾವು ಕೊಳಕುಮಂಡಲ ಸುರುಳಿ ಸುತ್ತಿಕೊಂಡಿತ್ತು. ಅಂದಿನಿಂದ ಹತ್ತಡಿಯೊಳಗೆ ಹೋಗುವುದಿಲ್ಲ. ನೀವೂ ಹೋಗಬೇಡಿ.

ಪ್ರಶ್ನೆ: ರಾತ್ರಿ ಟಿಟ್ಟಿಭ ಕೂಗಿದರೆ ಊರಲ್ಲಿ ಸಾವು ಖಚಿತವೇ? (ರಾಯಚೂರು)

ಅಲ್ಲ. ನೆಲದ ಮೇಲಿಟ್ಟ ಅದರ ಮೊಟ್ಟೆಗಳ ಹತ್ತಿರ ನರಿಯೋ ನಾಯಿಯೋ ಸುಳಿದಿರುತ್ತದೆ.

ಪ್ರಶ್ನೆ: ಸೂರ್ಯಕಾಂತಿ ಹೊಲದಿಂದ ಗಿಳಿ ಓಡಿಸಲು ಹಕ್ಕಿಗಳ ಚೀತ್ಕಾರ ಹಾಕುವ ಯಂತ್ರ ಕೊಳ್ಳಲೇ? (ಸಿಂಧನೂರು)

ಬೇಡ. ಕೂಗು ಮಾತ್ರ ಕೇಳಿ ಗಿಡುಗ ಬಾರದಿದ್ದರೆ ಗಿಳಿಗಳು ಬೇಗನೆ ಲೆಕ್ಕ ಕಲಿಯುತ್ತವೆ.

ಪ್ರಶ್ನೆ: ಮೊಬೈಲಿನಲ್ಲಿ ಗೂಬೆಯ ದನಿ ಹಾಕಿದರೆ ಹಕ್ಕಿಗಳು ಹತ್ತಿರ ಬಂದು ಒಳ್ಳೆಯ ಫೋಟೊ ಸಿಗುತ್ತದೆ. ತಪ್ಪೇ? (ಬಳ್ಳಾರಿ)

ತಪ್ಪು, ದೊಡ್ಡ ತಪ್ಪು. ಕೆನಡಾದಲ್ಲಿ ಗೂಡುಗಳನ್ನು ಬಲೆ, ಬೇಲಿಗಳಿಂದ ಕಾಪಾಡಿ, ಬೇಟೆಗಾರ ಪ್ರಾಣಿಗಳ ದನಿಯನ್ನಷ್ಟೇ ಗುಬ್ಬಿಯಂಥ ಹಕ್ಕಿಗಳಿಗೆ ಕೇಳಿಸಿದರು. ಒಂದೂ ಪ್ರಾಣಿ ಮುಟ್ಟಲಿಲ್ಲ, ಆದರೂ ಆ ಋತುವಿನಲ್ಲಿ ಮರಿಗಳು ಶೇಕಡಾ 40ರಷ್ಟು ಕಡಿಮೆಯಾದವು. ಹೆದರಿದ ತಾಯಿ ಗೂಡಿಗೆ ಸರಿಯಾಗಿ ಬರಲಿಲ್ಲ, ಗುಟುಕು ಕೊಡಲಿಲ್ಲ. ನಮ್ಮಲ್ಲಿ 40 ಡಿಗ್ರಿ ದಾಟುವ ಬಿಸಿಲು ಬೇರೆ; ತಾಯಿ ಎದ್ದುಹೋದ ಮೊಟ್ಟೆ ಬಿಸಿಲಿಗೆ ಬೇಯುತ್ತದೆ. ಆ ದನಿಗಳನ್ನು ಇಂದೇ ಅಳಿಸಿ.